ಬೀಗರ ಗೋಡೆಯ ಮೇಲೆ ನನ್ನ ನೀಹಾರಿಕೆ

ಆಕಾಶದ ನೀಹಾರಿಕೆಯೊಂದನ್ನು ಹಿಡಿದು ತಂದು, ಹರಿಹರದ ನಮ್ಮ ಬೀಗರ ಮನೆಯ ಗೋಡೆಗೆ ಮೊಳೆ ಹೊಡೆದು ನೇತುಹಾಕದಿದ್ದರೆ ನಾನು ಗುತ್ತೆಪ್ಪನೇ ಅಲ್ಲ!

ಈ ಭೀಷಣ ಪ್ರತಿಜ್ಞೆಯನ್ನು ನಾನು ಮಾಡಿದ್ದು ಬೀಗರ ಮನೆಯ ಊಟದ ಪಂಕ್ತಿಯಲ್ಲಿ. ಎಡಗೈ ಮೀಸೆಯ ಮೇಲೆ, ಬಲಗೈ ಹೋಳಿಗೆಯ ಮೇಲೆ. ಮಾಡಿಸಿದವರು ಬೀಗರಾದ ಕಾಂತರಾಜ್. ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡಿ ನಿವೃತ್ತರಾದವರು. ನನ್ನ ಮಗಳು ಸುಮಾ ಅವರ ಸೊಸೆ. ಮನುಷ್ಯ ಒಳ್ಳೆಯವರೇ. ಆದರೆ ಯಾರ ಜೊತೆ ಮಾತಾಡಲಿ, ಎದುರಿಗಿರುವವನು ಕೊನೆಯ ಬೆಂಚಿನ ಹುಡುಗ ಎಂದು ಮೊದಲೇ ತೀರ್ಮಾನ ಮಾಡಿಕೊಂಡಿರುತ್ತಾರೆ.

ಆ ದಿನ ನಾನು ಚುಕ್ಕಿಗಳ ಮಾತು ತೆಗೆದಿದ್ದೆ. ನಕ್ಷತ್ರಗಳ ನಡುವೆ ಧೂಳು, ಅನಿಲಗಳ ಮೋಡ ಇರುತ್ತದೆ, ಅದಕ್ಕೇ ನೀಹಾರಿಕೆ ಅನ್ನುವುದು, ಬರಿಗಣ್ಣಿಗೆ ಬಹುಮಟ್ಟಿಗೆ ಕಾಣದು, ಕ್ಯಾಮೆರಾದ ಕಣ್ಣನ್ನು ಬಹಳ ಹೊತ್ತು ತೆರೆದಿಟ್ಟರೆ ಕಾಣುತ್ತದೆ, ಅಂಥದ್ದೊಂದು ಫೋಟೋ ತೆಗೆಯಬೇಕೆಂದಿದ್ದೇನೆ ಎಂದೆ. ಕಾಂತರಾಜರು ಸಾರಿನಲ್ಲಿ ಸಿಕ್ಕ ಕರಿಬೇವನ್ನು ಎಲೆಯ ಬದಿಗೆ ಸರಿಸಿದ ಹಾಗೆ ನನ್ನ ಮಾತನ್ನು ಸರಿಸಿದರು.

"ಬೀಗ್ರೇ, ಇದು ಲೇತ್ ಮಷೀನ್ ತಿರುವಿದಂಗಲ್ಲ. ಇದಕ್ಕೆ ಓದಿರಬೇಕು."

ನನಗೆ ಮೈಗೆಲ್ಲ ಮೆಣಸಿನಕಾಯಿ ಅರೆದು ಹಚ್ಚಿದಂತಾಯಿತು! ನಾನು ಏಳನೆಯ ಕ್ಲಾಸಿಗೇ ಶಾಲೆಗೆ ಶರಣು ಹೊಡೆದವನು, ನಿಜ. ಆದರೆ ಆಮೇಲಿನದೆಲ್ಲ ಸ್ವಂತ ದುಡಿಮೆ. ಲೇತ್ ಕಲಿತದ್ದು ಕಣ್ಣಿನಲ್ಲಿ. ಇಂಗ್ಲಿಷ್ ಕಲಿತದ್ದು ಪಂಪ್‌ಸೆಟ್ಟಿನ ರಟ್ಟಿನ ಡಬ್ಬಗಳ ಮೇಲೆ. ದಾವಣಗೆರೆಯಲ್ಲಿ ಮೋಟಾರು ಕೆಟ್ಟರೆ ಇಂಜಿನಿಯರನ ಮನೆಗೆ ಹೋಗುವ ಮೊದಲು ನನ್ನ ವರ್ಕ್‌ಶಾಪಿನ ಬಾಗಿಲು ಬಡಿಯುತ್ತಿದ್ದ ಕಾಲವಿತ್ತು. ಈಗ ವರ್ಕ್‌ಶಾಪು ಬೇರೆಯವರಿಗೆ ಬಿಟ್ಟುಕೊಟ್ಟು, ಒಂದೇ ಒಂದು ಸಣ್ಣ ಲೇತನ್ನು ಮನೆಯ ಹಿಂದೆ ಇಟ್ಟುಕೊಂಡಿದ್ದೇನೆ. ಅಂಥವನಿಗೆ ಓದಿನ ಪಾಠ!

"ತೆಗೆದು ತೋರಿಸಿದ್ರೆ ಏನ್ ಕೊಡ್ತೀರಿ?" ಎಂದು ಗುಡುಗಿದೆ.

ಕಾಂತರಾಜರು ನಕ್ಕರು. "ಗುತ್ತೂರು ಕಡೆ ಹೊಸ ಮನೆ ಎದ್ದೈತಲ್ಲ, ಅದರ ಹಾಲ್‌ನಾಗೆ ನನಗೆ ಶಾಲು ಹೊದಿಸಿದ ದೊಡ್ಡ ಫೋಟೋ ಹಾಕಬೇಕು ಅಂತಿದ್ದೆ. ಅದನ್ನ ಬಿಟ್ಟು ನಿಮ್ಮ ನೀಹಾರಿಕೆ ಹಾಕ್ತೀನಿ. ತೆಗೀಲಿಲ್ಲ ಅಂದ್ರೆ?"

"ಇನ್ನು ಮ್ಯಾಲೆ ನಿಮ್ಮ ಮುಂದೆ ಚುಕ್ಕಿ ಅನ್ನೋ ಮಾತು ಎತ್ತಿದ್ರೆ ಕೇಳ್ರಿ!"

ಹೀಗೆ ಒಂದು ಕಡೆ ಬೀಗರ ಗೋಡೆ, ಇನ್ನೊಂದು ಕಡೆ ನನ್ನ ಬಾಯಿ. ನನ್ನ ಬಾಯಿಯನ್ನು ಬಲ್ಲವರಿಗೆ ಪಣ ಎಷ್ಟು ಭಾರಿಯದೆಂದು ಹೇಳಬೇಕಾಗಿಲ್ಲ.

ಕೆಲಸಕ್ಕೆ ಇಳಿದೆ. ಭೂಮಿ ತಿರುಗುವುದರಿಂದ ಚುಕ್ಕಿಗಳು ಸರಿಯುತ್ತವೆ. ಕ್ಯಾಮೆರಾ ಸುಮ್ಮನೆ ಕೂತರೆ ಚುಕ್ಕಿ ಹೋಗಿ ಗೀಟಾಗುತ್ತದೆ. ಆದ್ದರಿಂದ ಕ್ಯಾಮೆರಾವನ್ನೂ ಅದೇ ನಿಧಾನದಲ್ಲಿ ತಿರುಗಿಸುವ ಯಂತ್ರ ಬೇಕು. ಪೇಟೆಯಲ್ಲಿ ಸಿಗುತ್ತದಂತೆ. ಗುತ್ತೆಪ್ಪನಿಗೆ ಪೇಟೆಯದೇಕೆ! ಕೆಟ್ಟ ವಾಷಿಂಗ್ ಮಷೀನಿನ ಮೋಟಾರು, ಸೈಕಲ್ಲಿನ ಹಲ್ಲುಚಕ್ರ, ನನ್ನ ಲೇತಿನಲ್ಲಿ ತಿರುವಿದ ಅಚ್ಚು ಸೇರಿಸಿ ಒಂದು ಯಂತ್ರ ಮಾಡಿದೆ. ಗಾಣದೆತ್ತಿನ ಹಾಗೆ ಅದು ಗೊಣಗುತ್ತ ಸುತ್ತುತ್ತಿದ್ದುದರಿಂದ 'ಚುಕ್ಕಿಗಾಣ' ಎಂದು ನಾಮಕರಣವನ್ನೂ ಮಾಡಿದೆ. ಕ್ಯಾಮೆರಾ ನನ್ನದೇ, ಹಳೆಯದು. ಮೊಳಕೈಯುದ್ದದ ಲೆನ್ಸನ್ನು ಮಾತ್ರ ಸ್ಟುಡಿಯೋ ಜಮಾಲುದ್ದೀನ್ ಬೇಕಾದಾಗ ಕೈಗಡ ಕೊಡುತ್ತಿದ್ದ. ಮದುವೆ ಫೋಟೋ ತೆಗೆಯುವವನು. ಮಂಡಕ್ಕಿ ಭಟ್ಟಿಗಳ ಕಡೆ ಅವನ ಸ್ಟುಡಿಯೋ.

"ಗುತ್ತೆಪ್ಪಣ್ಣ, ಲೆನ್ಸ್ ಹುಷಾರು. ನಿಮ್ಮ ಧೋತರದ ಚುಂಗಿನಿಂದ ಒರೆಸಬ್ಯಾಡ್ರಿ, ಗೀರು ಬೀಳ್ತೈತೆ. ಹೆಂಗೈತೋ ಹಂಗೇ ತಂದುಕೊಡ್ರಿ, ನಾನು ಒರೆಸ್ಕೋತೀನಿ."

ಕಾರ್ತಿಕದ ಅಮಾವಾಸ್ಯೆ ಬಂತು. ಚಂದ್ರನ ಕಾಟವಿಲ್ಲದ ದಿನವೆಂದರೆ ಅದೇ ತಾನೇ? ದಾವಣಗೆರೆಯಲ್ಲಿ ದೀಪಗಳ ಕಾಟ, ಭಟ್ಟಿಯ ಹೊಗೆಯ ಕಾಟ. ಹದಡಿಯಲ್ಲಿರುವ ನನ್ನ ಹೆಂಡತಿಯ ತಮ್ಮನ ಹೊಲಕ್ಕೆ ಹೋಗುವುದೆಂದು ನಿಶ್ಚಯಿಸಿದೆ. ಕ್ಯಾಮೆರಾಕ್ಕೆ ಹೊದಿಸಲು ಕರಿಬಟ್ಟೆ ತೆಗೆದುಕೊಂಡು, ಕತ್ತಲಿಗೆ ಒಗ್ಗಿದ ಕಣ್ಣು ಕುಕ್ಕದಿರಲೆಂದು ಬ್ಯಾಟರಿಗೆ ಕೆಂಪು ಕಾಗದ ಸುತ್ತಿದೆ. ನನ್ನ ಹೆಂಡತಿ ಹಂಪವ್ವ ಬಾಗಿಲಲ್ಲಿ ಅಡ್ಡ ನಿಂತಳು.

"ಅಮಾಸಿ ದಿನ, ಕತ್ತಲಾದ ಮ್ಯಾಲೆ, ಕರೇ ಬಟ್ಟೆ, ಕೆಂಪು ಬ್ಯಾಟರಿ ಹಿಡ್ಕಂಡು ಹೊಲಕ್ಕ ಹೋದ್ರೆ ಮಂದಿ ಏನಂತಾರ್ರೀ? ನಿಧಿ ತೆಗಿಯಾಕ ಬಂದಾನ ಅಂತ ಬೇವಿನ ಮರಕ್ಕ ಕಟ್ಟಿಹಾಕ್ತಾರ!"

"ಕಟ್ಟಿದ್ರೂ ಮುಖ ಮ್ಯಾಲೆ ಮಾಡಿ ಕಟ್ಟಿ ಅಂತೀನಿ. ಚುಕ್ಕಿ ಕಾಣಬೇಕು!"

ಯಾರೂ ಕಟ್ಟಲಿಲ್ಲ. ಊಟದ ಹೊತ್ತಿಗಾಗಲೇ ಪೂರ್ವದಲ್ಲಿ ಕೃತ್ತಿಕೆ ಮೇಲೇರಿತ್ತು. ದ್ರಾಕ್ಷಿಯ ಸಣ್ಣ ಗೊಂಚಲಿನಂಥ ನಕ್ಷತ್ರಗಳ ಗುಂಪು ಅದು. ಕತ್ತಲಲ್ಲೇ ಲೆನ್ಸಿನ ಮುಚ್ಚಳ ತೆಗೆದೆ, ಚುಕ್ಕಿಗಾಣ ಹೂಡಿದೆ, ಕ್ಯಾಮೆರಾದ ಕಣ್ಣು ತೆರೆದಿಟ್ಟೆ, ಉಸಿರು ಬಿಗಿಹಿಡಿದು ನಿಂತೆ. ಫೋಟೋ ಹಿಂದಿನ ಪರದೆಯ ಮೇಲೆ ಮೂಡಿತು ನೋಡಿ, ನನ್ನ ತಲೆಯ ಮೇಲಿನ ರುಮಾಲು ತಾನಾಗಿ ಜಾರಿತು!

ಒಂದೊಂದು ಚುಕ್ಕಿಯ ಸುತ್ತಲೂ ಕೆಂಪು ಮಂಜು! ಆ ಮಂಜಿನ ನಡುವೆ ಮೇಲಕ್ಕೂ ಕೆಳಕ್ಕೂ ನೆಟ್ಟಗೆ ಬೆಳಕಿನ ಕುಡಿ! ದೇವರ ಮುಂದೆ ಹಣತೆಗಳನ್ನು ಸಾಲಾಗಿ ಹಚ್ಚಿಟ್ಟ ಹಾಗೆ! ಕೃತ್ತಿಕೆಯ ಸುತ್ತ ನೀಹಾರಿಕೆ ಇದೆ ಎಂದು ಮೊಬೈಲಿನಲ್ಲಿ ನೋಡಿದ್ದೆ. ಆದರೆ ಜಗತ್ತಿನವರೆಲ್ಲ ತೆಗೆದ ಫೋಟೋಗಳಲ್ಲಿ ಅದು ತೆಳ್ಳನೆಯ ನೀಲಿ ಬಣ್ಣದ್ದು. ನನ್ನದು ಕೆಂಪು! ಯೋಚಿಸಿದೆ. ಇಬ್ಬರಲ್ಲಿ ಒಬ್ಬರು ತಪ್ಪಿರಬೇಕು. ಜಗತ್ತೇ ತಪ್ಪಿದೆ ಎಂಬ ನಿರ್ಧಾರಕ್ಕೆ ಬರಲು ನನಗೆ ಬಹಳ ಹೊತ್ತು ಹಿಡಿಯಲಿಲ್ಲ.

ಅಂದಿನಿಂದಲೇ ನನ್ನ ತಲೆಗೆ ಅನುಮಾನದ ಹೇನು ಬಿತ್ತು. ಇಷ್ಟು ದೊಡ್ಡ ಶೋಧನೆ ಮಾಡಿದವನ ಸುತ್ತ ಕಳ್ಳರು ಇರದೆ ಇರುತ್ತಾರೆಯೇ? ಮೆಮೊರಿ ಕಾರ್ಡನ್ನು ಬನಿಯನ್ನಿನ ಒಳಜೇಬಿಗೆ ಹೊಲಿಸಿಕೊಂಡೆ. ಹಂಪವ್ವ ಅದನ್ನೇ ಒಗೆಯಲು ಕೇಳಿದಳು.

"ಬನಿಯನ್ ಬಿಚ್ಚಿ ಕೊಡ್ರಿ."

"ಯಾಕ?"

"ಯಾಕ ಅಂದ್ರೆ? ಒಗಿಯಾಕ! ಅದು ತಾನೇ ಎದ್ದು ಬಚ್ಚಲಿಗೆ ಹೊಂಟೈತಿ, ಅಷ್ಟು ನಾತ!"

"ಯಾರು ಹೇಳಿಕೊಟ್ರು ನಿನಗೆ?"

ಹಂಪವ್ವ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ನನ್ನ ಹಣೆಯ ಮೇಲೆ ಕೈಯಿಟ್ಟು ಜ್ವರ ನೋಡಿದಳು.

ದೊಡ್ಡ ಪ್ರಿಂಟು ಹಾಕಿಸಲು ಜಮಾಲುದ್ದೀನನ ಸ್ಟುಡಿಯೋಗೆ ಹೋದಾಗಲೂ ಅವನ ಬೆನ್ನಿಗೆ ಅಂಟಿಕೊಂಡೇ ನಿಂತೆ. ಅವನು ಕಂಪ್ಯೂಟರಿನಲ್ಲಿ ಚಿತ್ರ ನೋಡಿದ, ನನ್ನ ಮುಖ ನೋಡಿದ. ಹಿಂದಿರುಗಿಸಿದ ಲೆನ್ಸಿನ ಮುಚ್ಚಳ ತೆಗೆದು ಅದನ್ನೂ ನೋಡಿದ.

"ಗುತ್ತೆಪ್ಪಣ್ಣ, ಈ ಲೆನ್ಸ್ ಎಲ್ಲಿ ಇಟ್ಟಿದ್ರಿ?"

ನೋಡಿದಿರಾ! ಜಾಗದ ಗುಟ್ಟು ಕೇಳುತ್ತಿದ್ದಾನೆ! ಹದಡಿ ಎಂದು ನನ್ನ ಬಾಯಿಂದ ಬಂದರೆ ನಾಳೆಯೇ ಇವನ ಬೈಕು ಅಲ್ಲಿರುತ್ತದೆ.

"ಎಲ್ಲಿಟ್ರೆ ನಿನಗೇನು? ಪ್ರಿಂಟ್ ಹಾಕು!"

"ಅಲ್ಲಣ್ಣ, ಇದರ ಮ್ಯಾಲೆ..."

"ಮ್ಯಾಲಿನದು ನಾನು ನೋಡ್ಕೋತೀನಿ. ನೀನು ಕೆಳಗೆ ಕಾಗದ ನೋಡ್ಕೋ!"

ಅವನು ಏನೋ ಹೇಳಬೇಕೆಂದವನು ತುಟಿ ಹೊಲಿದುಕೊಂಡು, ಮೆತ್ತನೆಯ ಬಟ್ಟೆಯಲ್ಲಿ ಲೆನ್ಸ್ ಒರೆಸತೊಡಗಿದ. ಅವನ ಮೀಸೆಯಡಿ ಇದ್ದುದು ಹೊಟ್ಟೆಕಿಚ್ಚು ಎಂದುಕೊಂಡೆ. ಅದು ನಗು ಎಂದು ಗೊತ್ತಾದದ್ದು ಬಹಳ ಆಮೇಲೆ.

ಧನುರ್ಮಾಸ ಹತ್ತುವ ಮೊದಲೇ ಬೀಗರ ಹೊಸ ಮನೆಯ ಪ್ರವೇಶವಿತ್ತು. ಬಾಗಿಲಿನಷ್ಟು ಎತ್ತರದ ಚಿತ್ರವನ್ನು ಗಾಜು ಕಟ್ಟಿಸಿ, ಆಟೋದ ಮೇಲೆ ಮಲಗಿಸಿ, ಹಗ್ಗ ಬಿಗಿದು, ದಾವಣಗೆರೆಯಿಂದ ಹರಿಹರದವರೆಗೆ ಮೆರವಣಿಗೆಯಲ್ಲಿ ತಂದೆ. ಕಾಂತರಾಜರು ಮಾತಿಗೆ ತಪ್ಪುವವರಲ್ಲ. ಹಾಲಿನ ನಟ್ಟನಡು ಗೋಡೆಗೆ ತೂಗುಹಾಕಿಸಿದರು. ಅವರ ಶಾಲಿನ ಫೋಟೋ ಮಲಗುವ ಕೋಣೆಯ ಬೀರುವಿನ ಹಿಂದೆ ಗೋಡೆಗೆ ಮುಖ ಮಾಡಿ ನಿಂತಿತು. ಬಂದವರೆಲ್ಲ ಮೊದಲು ಸತ್ಯನಾರಾಯಣನಿಗೆ ಕೈಮುಗಿದು, ಆಮೇಲೆ ನನ್ನ ಚಿತ್ರಕ್ಕೆ ಮುಗಿದರು. ಬೀಗರ ಮನೆಯ ಹಿರಿಯಾಕೆ ನಾಗಕ್ಕನಂತೂ ಗಲ್ಲ ಬಡಿದುಕೊಂಡು ಎರಡು ಹೂವು ಏರಿಸಿಯೇ ಬಿಟ್ಟಳು. ನಾನು ಹುಂಜದ ಹಾಗೆ ಕತ್ತು ಎತ್ತಿ ಮನೆಯೆಲ್ಲ ಓಡಾಡಿದೆ!

ಕಾಂತರಾಜರು ಮಾತ್ರ ಚಿತ್ರದ ಮುಂದೆ ಕನ್ನಡಕ ಏರಿಸುತ್ತ ಇಳಿಸುತ್ತ ನಿಂತೇ ಇದ್ದರು.

"ಬೀಗ್ರೇ, ಎಲ್ಲ ಚುಕ್ಕಿಗೂ ಒಂದೇ ಥರ ಕುಡಿ ಐತೆ."

"ಒಂದೇ ಕುಲದವು, ಇರ್ತೈತೆ."

"ಮೂಲೆಯಾಗಿರೋ ಈ ಚುಕ್ಕಿ ಕೃತ್ತಿಕೆಗೆ ಸೇರಿದ್ದಲ್ಲ. ಅದಕ್ಕೂ ಐತಲ್ಲ?"

"ನೋಡಿ ಕಲ್ತಿರಬೇಕು!"

"ನನಗೆ ಅನುಮಾನ ಐತೆ," ಎಂದರು. "ಮುಂದಿನ ಅಮಾಸಿಗೆ ನಮ್ಮ ಹೊಸ ಮನೆ ಮಾಳಿಗಿ ಮ್ಯಾಲೆ, ನನ್ನ ಕಣ್ಣೆದುರಿಗೆ, ಇನ್ನೊಂದು ಸಲ ತೆಗೀರಿ. ಲೇಔಟಿಗೆ ಇನ್ನೂ ಬೀದಿದೀಪ ಬಂದಿಲ್ಲ, ಕತ್ತಲೆಗೇನು ಬರ ಇಲ್ಲ. ಹಿಂಗೇ ಬಂದ್ರೆ ಗೋಡೆ ನಿಮ್ಮದು. ಇಲ್ಲಾಂದ್ರೆ ನನ್ನ ಶಾಲಿಂದು."

ಓದಿದವರ ಹೊಟ್ಟೆಯೊಳಗಿನ ಕುತಂತ್ರ ನನಗೆ ಆಗಲೇ ಹೊಳೆಯಿತು. ಅವರ ಮನೆ, ಅವರ ಮಾಳಿಗೆ. ಏನಾದರೂ ಕೈವಾಡ ನಡೆಸದೆ ಬಿಡುತ್ತಾರೆಯೇ? ಅಮಾವಾಸ್ಯೆಯ ಹಿಂದಿನ ದಿನವೇ ಲೆನ್ಸ್ ತಂದು, ಕ್ಯಾಮೆರಾ, ಚುಕ್ಕಿಗಾಣಗಳ ಜೊತೆ ನಮ್ಮ ಮನೆಯ ಮಾಳಿಗೆ ಕೋಣೆಯಲ್ಲಿಟ್ಟು, ಬೀಗ ಜಡಿದು, ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡೆ. ಬೆಳಿಗ್ಗೆ ಎದ್ದು ಮುಖ ತೊಳೆಯುವಷ್ಟರಲ್ಲಿ ಹಂಪವ್ವ ಸ್ನಾನ ಮಾಡಿ ನಿಂತಿದ್ದಳು.

"ರೀ, ಮಾಳಿಗಿ ಕೋಣಿ ಕೀಲಿ ಕೊಡ್ರಿ."

ನಾನು ಉಡಿದಾರ ಹಿಡಿದುಕೊಂಡೆ. "ಯಾಕ?"

"ಸ್ವಲ್ಪ ಕೆಲಸ ಐತೆ."

"ನೀನು ಆ ಕೋಣೆಗೆ ಕಾಲಿಡಂಗಿಲ್ಲ!"

"ಅಲ್ರೀ, ಹೋದ ಅಮಾಸಿಗೆ..."

"ಹೋದ ಅಮಾಸಿ ಬ್ಯಾರೆ, ಈ ಅಮಾಸಿ ಬ್ಯಾರೆ! ನಿನ್ನೆ ಸುಮಾನ ಜೊತೆ ಫೋನ್‌ನಾಗೆ ಗುಸುಗುಸು ಮಾತಾಡ್ತಿದ್ದಿಯಲ್ಲ, ಏನದು?"

"ಅವರ ಮನ್ಯಾಗ ರಾತ್ರಿ ರೊಟ್ಟಿ ಮಾಡ್ಲಾ, ಮುದ್ದಿ ಮಾಡ್ಲಾ ಅಂತ ಕೇಳಿದ್ಲು."

"ಅದಕ್ಕೆ ಗುಸುಗುಸು ಯಾಕ?"

"ನೀವು ಮಲಗಿದ್ರಿ!"

ಉತ್ತರ ತೀರಾ ಸಲೀಸಾಗಿತ್ತು. ಅಷ್ಟು ಸಲೀಸಾದ ಉತ್ತರ ಸಿಕ್ಕಿದರೆ ಅನುಮಾನ ಹೆಚ್ಚಾಗದೆ ಇರುತ್ತದೆಯೇ? ಕೀಲಿ ಕೊಡಲಿಲ್ಲ. ಅವಳು ಮುಖ ಊದಿಸಿಕೊಂಡೇ ಹರಿಹರಕ್ಕೆ ಬಂದಳು.

ದೀಪ ಹಚ್ಚುವ ಹೊತ್ತಿಗೆ ಬೀಗರ ಮಾಳಿಗೆಯ ಮೇಲೆ ಚುಕ್ಕಿಗಾಣ ಹೂಡಿದೆ. ಸುತ್ತ ಹೊಸ ಲೇಔಟಿನ ಕಗ್ಗತ್ತಲು. ಹಂಪವ್ವ, ಸುಮಾ ಚಾಪೆಯ ಮೇಲೆ ಕೂತರು. ಕಾಂತರಾಜರು ಕೈಕಟ್ಟಿ ನಿಂತರು. ಅವರು ಕೆಮ್ಮಿದರೆ ಯಾರಿಗೋ ಸನ್ನೆ ಎನ್ನಿಸಿತು. ಕೈ ಬಿಚ್ಚಿದರೆ ಲೆನ್ಸಿಗೆ ಕೈ ಹಾಕುತ್ತಾರೆ ಎನ್ನಿಸಿತು. "ಬೀಗ್ರೇ, ನೀವು ಉಸಿರು ಆ ಕಡೆ ಬಿಡ್ರಿ, ಗಾಜಿಗೆ ತಾಗ್ತೈತೆ," ಎಂದು ಅವರ ಮುಖವನ್ನೇ ಗುತ್ತೂರಿನ ಕಡೆ ತಿರುಗಿಸಿ ನಿಲ್ಲಿಸಿದೆ!

ಚಿತ್ರ ಮೂಡಿತು. ನಾನೊಬ್ಬನೇ ರುಮಾಲಿನ ಮರೆಯಲ್ಲಿ ನೋಡಿದೆ.

ಕುಡಿಯಿಲ್ಲ! ಕೆಂಪಿಲ್ಲ! ಚುಕ್ಕಿಗಳು ಸೂಜಿಯ ಮೊನೆಯ ಹಾಗೆ ಚಿಕ್ಕದಾಗಿ ಕೂತಿವೆ. ಅವುಗಳ ಸುತ್ತ ಮಾತ್ರ, ಬಿಳಿ ಧೋತರಕ್ಕೆ ನೀಲಿ ಹಾಕಿ ಸರಿಯಾಗಿ ಜಾಲಿಸದೆ ಬಿಟ್ಟ ಹಾಗೆ, ತೆಳ್ಳನೆಯ ನೀಲಿ ಕಲೆ.

ಇದೇ! ಇದೇ ಕೈವಾಡ! ನನ್ನ ನೀಹಾರಿಕೆಯನ್ನು ಯಾರೋ ಕದ್ದು, ಅದರ ಜಾಗಕ್ಕೆ ಕಲೆ ಬಿಟ್ಟಿದ್ದಾರೆ! ಬೀಗರ ಕೈಗೆ ಇದು ಸಿಕ್ಕರೆ ನನ್ನ ಸೋಲಿಗೆ ಸಾಕ್ಷಿಯಾಗುತ್ತದೆ. ಹಿಂದೆ ಮುಂದೆ ನೋಡದೆ ಗುಂಡಿ ಒತ್ತಿದೆ, ಚಿತ್ರ ಅಳಿಸಿದೆ.

"ಏನಾಯ್ತು, ತೋರಿಸ್ರಿ," ಎಂದರು ಕಾಂತರಾಜರು.

"ತೋರಿಸಾಕ ಏನೈತೆ? ನಿಮ್ಮ ಮಾಳಿಗಿ ಮ್ಯಾಲೆ ಮೋಸ ನಡೆದೈತೆ! ಹದಡಿಯಾಗೆ ಬಂದಿದ್ದು ಇಲ್ಲಿ ಯಾಕ ಬರಲ್ಲ?"

ಆಗ ಚಾಪೆಯ ಮೇಲಿನಿಂದ ಹಂಪವ್ವನ ದನಿ ಬಂತು. ಬೆಳಿಗ್ಗೆಯಿಂದ ಊದಿದ್ದ ಮುಖ ಒಡೆದಿತ್ತು.

"ಹೆಂಗ್ ಬರ್ತೈತ್ರೀ? ಪೂಜಿ ಮಾಡಾಕ ಬಿಟ್ರೇನು ನೀವು? ಕೀಲಿ ಕೊಡ್ರಿ, ಕೀಲಿ ಕೊಡ್ರಿ ಅಂತ ಬಡ್ಕಂಡೆ!"

"ಯಾವ ಪೂಜೆ ಅಕ್ಕಾರೆ?" ಕಾಂತರಾಜರು ಗುತ್ತೂರಿನಿಂದ ಮುಖ ಈಚೆಗೆ ತಿರುಗಿಸಿದರು.

"ಅಮಾಸಿ ಪೂಜಿ ಅಣ್ಣಾರೆ. ವರ್ಕ್‌ಶಾಪ್ ಇದ್ದಾಗಿಂದ ನಾನು ಒಂದು ಅಮಾಸಿ ತಪ್ಪಿಸಿಲ್ಲ. ಲೇತಿಗೆ, ಡ್ರಿಲ್ಲಿಗೆ, ಎಲ್ಲಾಕೂ ಈಬೂತಿ ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿ ಆಮ್ಯಾಲೇ ಇವರ ಕೈಗೆ ಕೊಡ್ತಿದ್ದೆ. ಇದೂ ಒಂದು ಮಷೀನೇ ಅಲ್ಲೇನ್ರಿ? ಹೋದ ಅಮಾಸಿಗೆ ಇವರು ಸ್ನಾನಕ್ಕ ಹೋದಾಗ ಮುಚ್ಚಳ ತೆಗೆದು, ಗಾಜಿಗೆ ಮೂರು ಬೆಳ್ಳು ಈಬೂತಿ ತೆಳ್ಳಗೆ ಎಳೆದು, ನಡುವೆ ಕುಂಕುಮ ಇಟ್ಟು, ಮತ್ತೆ ಮುಚ್ಚಿಟ್ಟಿದ್ದೆ. ಎಷ್ಟು ಚಂದ ಬಂದಿತ್ತು!"

ಕಾಂತರಾಜರ ಹೊಟ್ಟೆ ನಗೆಯಿಂದ ಕುಲುಕತೊಡಗಿತು. "ಗಾಜಿಗೆ ಅಡ್ಡ ಬಳಿದ್ರೆ ಬೆಳಕು ಉದ್ದಕ್ಕೆ ಹರೀತೈತೆ! ಕುಂಕುಮಕ್ಕೆ ಕೆಂಪಾಗ್ತೈತೆ! ಅಕ್ಕಾರೆ, ನೀವು ನೀಹಾರಿಕೆನೇ ಬಳಿದುಬಿಟ್ರಲ್ಲ!" ಎಂದು ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಆಮೇಲೆ ತಟ್ಟನೆ ಗಂಭೀರವಾದರು.

"ಹಂಗಾದ್ರೆ ಈಗ ಗಾಜು ಸ್ವಚ್ಛ ಐತೆ ಅಂತಾತು. ಈಗ ಏನು ಬಂದಿತ್ತು ಬೀಗ್ರೇ?"

"ಏನೂ ಇಲ್ಲ. ಚುಕ್ಕಿ. ಸುತ್ತ ಒಂಚೂರು ನೀಲಿ ಕಲೆ."

"ನೀಲಿ?" ಅವರು ನನ್ನ ಎರಡೂ ತೋಳು ಹಿಡಿದರು. "ಅದೇ ಕಣ್ರೀ ನೀಹಾರಿಕೆ! ನೀವು ಹಿಡಿದಿದ್ರಿ! ಎಲ್ಲಿ, ತೋರಿಸ್ರಿ!"

"ಅಳಿಸಿದೆ."

"ಯಾಕ್ರೀ?"

"ನಿಮ್ಮ ಮ್ಯಾಲೆ ಅನುಮಾನ ಬಂತು."

ಹುಟ್ಟಿದ ಮೇಲೆ ನಾನು ಆಡಿದ ಮಾತುಗಳಲ್ಲಿ ಅಷ್ಟು ಸಣ್ಣ ದನಿಯದು ಇನ್ನೊಂದಿಲ್ಲ. ಆದರೂ ಎದೆಗುಂದಲಿಲ್ಲ. ಕೃತ್ತಿಕೆ ಅಲ್ಲೇ ಇದೆ, ಕತ್ತಲು ಇಲ್ಲೇ ಇದೆ, ಇನ್ನೊಂದು ತೆಗೆದರಾಯಿತು! "ಪಕ್ಕಕ್ಕೆ ಸರೀರಿ ಎಲ್ಲಾರೂ!" ಎಂದು ವೀರಾವೇಶದಿಂದ ಮುನ್ನುಗ್ಗಿದೆ. ವೈರು ಕಾಲಿಗೆ ತೊಡರಿತು. ಮುಕ್ಕಾಲಿ ವಾಲಿತು. ಕ್ಯಾಮೆರಾ ಬೀಳುವ ಮೊದಲು ಕಾಂತರಾಜರು ಅದನ್ನು ಕೂಸನ್ನು ಹಿಡಿದ ಹಾಗೆ ಎದೆಗವಚಿ ಹಿಡಿದರು. ಚುಕ್ಕಿಗಾಣ ಮಾತ್ರ ತೊಲೆಯ ಮೇಲಿನ ಬೆಕ್ಕಿನಂತೆ ಪ್ಯಾರಾಪೆಟ್ಟಿನ ಮೇಲೆ ಒಂದು ಕ್ಷಣ ತೂಗಾಡಿ, ಆಚೆಗೆ ಜಾರಿತು. ಕೆಳಗೆ ಇನ್ನೂ ಮುಚ್ಚಳ ಹಾಕಿಸದ ಹೊಸ ಸಂಪು. ಗುಡುಂ ಎಂದಿತು. ನೀರು ಎರಡು ಸಲ ಗುಳುಗುಳು ಎಂದು ಸುಮ್ಮನಾಯಿತು.

ಪಣ ಎಂದರೆ ಪಣ. ಬೀಗರ ಮುಂದೆ ನಾನೀಗ ಚುಕ್ಕಿಯ ಮಾತು ಎತ್ತುವುದಿಲ್ಲ. ಇಲ್ಲಿ ನಿಮ್ಮ ಮುಂದೆ ಎತ್ತಿದ್ದೇನೆ, ದಯವಿಟ್ಟು ಹರಿಹರದ ಕಡೆ ಹೇಳಬೇಡಿ. ಶಾಲಿನ ಫೋಟೋ ಗೋಡೆಗೆ ಬಂತೇ ಎಂದರೆ, ಅದೂ ಇಲ್ಲ. ಚಿತ್ರ ಇಳಿಸಲು ಹೋದ ಕಾಂತರಾಜರನ್ನು ನಾಗಕ್ಕ ಬಡಿಗೆ ಹಿಡಿದು ತಡೆದಳಂತೆ: "ಹಂಪವ್ವ ಪೂಜಿ ಮಾಡಿದ್ದನ್ನ ಇಳಿಸ್ತೀಯೇನೋ?" ಹೀಗಾಗಿ ಗೋಡೆ ನನ್ನದೂ ಆಗಲಿಲ್ಲ, ಬೀಗರದೂ ಆಗಲಿಲ್ಲ.

ಮೊನ್ನೆ ಜಮಾಲುದ್ದೀನ್ ಕ್ಯಾಮೆರಾ ಚೀಲ ಹೆಗಲಿಗೇರಿಸಿ ಮನೆಗೆ ಬಂದ. ಏನಾದರೂ ಕಲಿಯಲು ಬಂದಿದ್ದಾನೆ ಎಂದು ನನ್ನ ಕತ್ತು ಮತ್ತೆ ಸ್ವಲ್ಪ ಎದ್ದಿತು.

"ಬಾ ಕೂಡು. ಏನು ಕೇಳ್ಬೇಕು, ಕೇಳು."

"ನೀವು ಕೂಡ್ರಿ ಗುತ್ತೆಪ್ಪಣ್ಣ. ಹಂಪಕ್ಕ ಅದಾರಾ?" ಎಂದ. "ಆನಗೋಡಿನಾಗೆ ಒಂದು ಮದುವಿ ಐತೆ. ಹುಡುಗನ ಕಡ್ಯಾರು ನಿಮ್ಮ ಬೀಗರ ಮನ್ಯಾಗಿನ ಫೋಟೋ ನೋಡ್ಯಾರೆ. ಮಂಟಪದ ಲೈಟೆಲ್ಲ ಹಂಗೇ ಹಣತೆ ಕಂಡಂಗೆ ಬರಬೇಕಂತೆ. ನಾನೂ ಗಾಜಿಗೆ ಬಳಿದು ಬಳಿದು ನೋಡಿದೆ, ಬರೀ ರಾಡಿ ಬಂತು. ಅಕ್ಕಾರ ಬೆಳ್ಳೇ ಬೇಕು."

ಹಂಪವ್ವ ಸೆರಗಿಗೆ ಕೈಯೊರೆಸಿಕೊಂಡು ಬಂದಳು. ಲೆನ್ಸನ್ನು ಬೆಳಕಿಗೆ ಹಿಡಿದು ಒಂದು ಕಣ್ಣು ಕಿರಿದು ಮಾಡಿದಳು. ಮೂರು ಬೆರಳು ವಿಭೂತಿಯಲ್ಲಿ ಅದ್ದಿ, ಕೊಡವಿ, ಒಂದೇ ಎಳೆತದಲ್ಲಿ ಎಳೆದಳು. ಏನು ಕೈ, ಏನು ಹದ! ನನಗೂ ಒಂದು ಸಲಹೆ ಕೊಡಬೇಕೆನ್ನಿಸಿ ಮುಂದೆ ಬಾಗಿದೆ.

"ರೀ, ಬೆಳಕಿಗೆ ಅಡ್ಡ ಬರಬ್ಯಾಡ್ರಿ," ಎಂದಳು ತಲೆಯೆತ್ತದೆ. "ಸುಮ್ನೆ ನಿಂತಿರಲ್ಲ, ಈ ಕುಂಕುಮದ ಬಟ್ಟಲು ಹಿಡ್ಕಳ್ರಿ. ಕೈ ಅಲ್ಲಾಡಿಸಬ್ಯಾಡ್ರಿ."

ಹಿಡಿದುಕೊಂಡೆ. ಅಲ್ಲಾಡಿಸಲಿಲ್ಲ.